ಪರಸಿ ಕಲ್ಲಿನ ಮೇಲೊಂದು ಸಿಎನ್‌ಸಿ ರೂಟರ್: ಮನೆಯಲ್ಲೇ ಕಟ್ಟುವುದು, ತಿದ್ದುವುದು ಹೇಗೆ?

ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ನನ್ನ ಸಿಎನ್‌ಸಿ ರೂಟರ್ ಕೂತಿರುವುದು ಶಹಾಬಾದ್ ಪರಸಿಯ ಮೇಲೆ. ಕಲಬುರಗಿಯ ಹಳೆಯ ಮನೆಗಳ ನೆಲದಲ್ಲಿ, ಅಂಗಳದ ಕಟ್ಟೆಯಲ್ಲಿ ಕಾಣುವ ಅದೇ ಕಲ್ಲು. ಮನೆ ಕಟ್ಟಿಸುವಾಗ ಉಳಿದಿದ್ದ ಎರಡಡಿ ಚೌಕದ, 40 ಮಿ.ಮೀ. ದಪ್ಪದ ತುಂಡು, ತೂಕ ಹತ್ತಿರಹತ್ತಿರ 40 ಕಿಲೊ. ಮೊದಲು ಇದೇ ಯಂತ್ರ ಪ್ಲೈವುಡ್ ಮೇಜಿನ ಮೇಲಿತ್ತು. ಆಗ ಬೇವಿನ ಹಲಗೆ ಕೊರೆದರೆ ಅಂಚಿನ ತುಂಬ ಅಲೆಅಲೆಯಾಗಿ ಗೀರು. ಮೋಟರ್ ಬದಲಿಸಿದೆ, ಮರ ಕಡಿಯುವ ಬಿಟ್ ಬದಲಿಸಿದೆ, ವೇಗ ಇಳಿಸಿದೆ. ಗೀರು ಮಾತ್ರ ಹಾಗೇ ಇತ್ತು. ಕಲ್ಲಿನ ಮೇಲೆ ಕೂರಿಸಿ ಬೋಲ್ಟ್ ಬಿಗಿದ ದಿನ ಅರ್ಧ ಗೀರು ಹೋಯಿತು. ಉಳಿದರ್ಧ ಹೋದದ್ದು ಝಡ್ ತಟ್ಟೆ, ಅಂದರೆ ಕೊರೆಯುವ ಮೋಟರನ್ನು ಹೊತ್ತು ಮೇಲೆ-ಕೆಳಗೆ ಸರಿಯುವ ತಟ್ಟೆ, ಬದಲಿಸಿದ ಮೇಲೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹಾಗಾಗಿ ಈ ಕೆಲಸಕ್ಕೆ ಕೈ ಹಾಕುವ ಹುಡುಗರಿಗೆಲ್ಲ ನಾನು ಮೊದಲು ಹೇಳುವುದು ಒಂದೇ: ದುಡ್ಡನ್ನು ಮೋಟರಿಗೆ ಸುರಿಯುವ ಮುನ್ನ ಯಂತ್ರದ ಮೈಕಟ್ಟಿಗೆ ಹಾಕಿ.

ಬಡಿಗರ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ಮರ ಕೊರೆಯುವ ರೂಟರನ್ನು ನೋಡಿರುತ್ತೀರಿ. ಅದನ್ನೇ ಮೂರು ದಿಕ್ಕಿಗೆ ಸರಿಯುವ ಚೌಕಟ್ಟಿಗೆ ಕಟ್ಟಿ, ಸರಿಸುವ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದರೆ ಅದೇ ಸಿಎನ್‌ಸಿ ರೂಟರ್. ಎಡ-ಬಲ ಎಕ್ಸ್, ಹಿಂದೆ-ಮುಂದೆ ವೈ, ಮೇಲೆ-ಕೆಳಗೆ ಝಡ್. ಕೊರೆಯುವ ಮೋಟರಿಗೆ ಸ್ಪಿಂಡಲ್ ಎಂದು ಹೆಸರು. ಅದನ್ನು ಹೊತ್ತು ಅಡ್ಡಲಾಗಿ ನಿಲ್ಲುವ ಸೇತುವೆಯೇ ಗ್ಯಾಂಟ್ರಿ.

ಗಾತ್ರ ಚಿಕ್ಕದಿರಲಿ

ಎಲ್ಲರಿಗೂ ಮೊದಲ ಯಂತ್ರದಲ್ಲೇ ಇಡೀ ಪ್ಲೈವುಡ್ ಹಾಳೆ ಕೊರೆಯುವ ಆಸೆ. ಬೇಡ. ಗ್ಯಾಂಟ್ರಿ, ಸ್ಪಿಂಡಲ್ ಜಾರುವುದು ಕಂಬಿಗಳ ಮೇಲೆ. ಎರಡು ತುದಿಗೆ ಮಾತ್ರ ಆಧಾರವಿರುವ ಕಂಬಿಯ ಉದ್ದ ಎರಡು ಪಟ್ಟಾದರೆ, ಅದೇ ಭಾರಕ್ಕೆ ಅದು ಬಾಗುವುದು ಎಂಟು ಪಟ್ಟು. ದಪ್ಪದ ಲೆಕ್ಕ ಇನ್ನೂ ಕಟ್ಟುನಿಟ್ಟು: 12 ಮಿ.ಮೀ. ಕಂಬಿಯ ಬದಲು 16 ಮಿ.ಮೀ. ಹಾಕಿದರೆ ಗಟ್ಟಿತನ ಮೂರು ಪಟ್ಟಿಗಿಂತ ಹೆಚ್ಚುತ್ತದೆ. 400 ಮಿ.ಮೀ. ಅಗಲ, 300 ಮಿ.ಮೀ. ಉದ್ದ ಕೊರೆಯುವಷ್ಟು ಜಾಗ ಮೊದಲ ಯಂತ್ರಕ್ಕೆ ಸಾಕು. ಮನೆಯ ನಾಮಫಲಕ, ಗಡಿಯಾರದ ಮುಖ, ದೇವರ ಮಂಟಪದ ಜಾಲರಿ ಎಲ್ಲವೂ ಅದರಲ್ಲಿ ಹಿಡಿಯುತ್ತವೆ.

ಬರೀ ಎರಡು ತುದಿಗೆ ಹಿಡಿಸಿದ ದುಂಡು ಕಂಬಿ ಸೋವಿಯೆಂದು ಕೊಳ್ಳಬೇಡಿ. ಉದ್ದಕ್ಕೂ ಅಡಿಯಲ್ಲಿ ಅಲ್ಯೂಮಿನಿಯಂ ಆಧಾರವಿರುವ ಎಸ್‌ಬಿಆರ್ ಕಂಬಿಯನ್ನೋ, ಸಾಧ್ಯವಾದರೆ 15 ಮಿ.ಮೀ. ಚೌಕ ಲೀನಿಯರ್ ರೈಲನ್ನೋ ತನ್ನಿ. ಎಲೆಕ್ಟ್ರಾನಿಕ್ಸ್ ಸಾಮಾನಿಗೆ ನಮ್ಮ ಕಡೆಯವರು ಹೈದರಾಬಾದಿನ ಕೋಠಿಗೆ ಹೋಗಿಬರುತ್ತಾರೆ. ಆನ್‌ಲೈನಿನಲ್ಲೂ ಎಲ್ಲ ಸಿಗುತ್ತದೆ. ಆದರೆ ರೈಲು, ಸ್ಕ್ರೂ ಇಂಥವನ್ನು ಆದಷ್ಟು ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಿ. ರೈಲಿನ ಮೇಲೆ ಓಡುವ ಬಿಲ್ಲೆಯನ್ನು, ಅಂದರೆ ಕ್ಯಾರೇಜನ್ನು, ಮೆಲ್ಲಗೆ ಜಾರಿಸಿ. ನಡುವೆ ಎಲ್ಲಾದರೂ ಮರಳು ಸಿಕ್ಕಂತೆ ತಡೆದರೆ ವಾಪಸು ಇಟ್ಟುಬಿಡಿ.

ಕಲ್ಲು ಮತ್ತು ಚೌಕಟ್ಟು

ಶಹಾಬಾದ್ ಕಲ್ಲು ಪದರು ಪದರಾಗಿ ಬಿಡುವ ಸುಣ್ಣದ ಕಲ್ಲು. ತೂತು ಹಾಕುವಾಗ ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ, ಡೈಮಂಡ್ ಬಿಟ್ ಹಾಕಿ, ನೀರು ಬಿಡುತ್ತ ನಿಧಾನಕ್ಕೆ ಇಳಿಸಿ. ಅಂಚಿನಿಂದ ನಾಲ್ಕು ಬೆರಳು ಒಳಗೇ ಇರಿ. ಗೋಡೆಗೆ ಹೊಡೆಯುವ ಹಿಗ್ಗುವ ಬೋಲ್ಟ್ ಇಲ್ಲಿ ಬೇಡ, ಅದು ಪದರನ್ನೇ ಸೀಳುತ್ತದೆ. ಆಚೆಯಿಂದ ಈಚೆಗೆ ಉದ್ದ ಬೋಲ್ಟ್ ಹಾಯಿಸಿ, ಎರಡೂ ಕಡೆ ಅಗಲ ವಾಷರ್ ಇಟ್ಟು ಬಿಗಿಯಿರಿ.

ಚೌಕಟ್ಟಿಗೆ 50 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಕಬ್ಬಿಣದ ಪೈಪು ಸಾಕು. ವೆಲ್ಡಿಂಗ್ ಮಾಡಿದರೆ ಬೆಂಕಿಯ ಎಳೆತಕ್ಕೆ ಸೊಟ್ಟಗಾಗುತ್ತದೆ. ನಾನು ಬೋಲ್ಟನ್ನೇ ನೆಚ್ಚಿದ್ದೇನೆ. ಪಾಲಿಶ್ ಮಾಡಿದ ಕಲ್ಲು ಕಣ್ಣಿಗೆ ಸಮತಟ್ಟಾಗಿ ಕಂಡರೂ ಸಮ ಇರುವುದಿಲ್ಲ. ಪೈಪಿನ ಕೆಳಗೆ ಬೆಳಕು ತೂರುವ ಕಡೆ ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯ ತಗಡು ಕತ್ತರಿಸಿ ತುರುಕಿ. ಆ ತಗಡಿನ ದಪ್ಪ ಸುಮಾರು 0.1 ಮಿ.ಮೀ., ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

ರೈಲು ಕೂರಿಸುವಾಗ ಎರಡನ್ನೂ ಒಟ್ಟಿಗೆ ಅಳೆದು ಬಿಗಿಯಲು ಹೋಗಬೇಡಿ. ಒಂದನ್ನು ನೇರಪಟ್ಟಿ ಹಿಡಿದು ಪೂರ್ತಿ ಬಿಗಿಯಿರಿ. ಎರಡನೆಯದರ ಬೋಲ್ಟುಗಳನ್ನು ಸಡಿಲವಾಗಿ ಹಾಕಿ, ಎರಡರ ಮೇಲೂ ಗ್ಯಾಂಟ್ರಿ ಕೂರಿಸಿ. ಗ್ಯಾಂಟ್ರಿಯನ್ನು ಕೈಯಿಂದ ಒಂದು ಗೇಣು ಸರಿಸಿ, ಅದರ ಪಕ್ಕದ ಬೋಲ್ಟ್ ಬಿಗಿಯಿರಿ. ಮತ್ತೆ ಸರಿಸಿ, ಮತ್ತೆ ಬಿಗಿಯಿರಿ. ಎರಡನೆಯ ರೈಲು ಎಲ್ಲಿರಬೇಕೆಂದು ಗ್ಯಾಂಟ್ರಿಯೇ ಹೇಳುತ್ತದೆ. ಕೊನೆಗೆ ಒಂದು ಬೆರಳಿನಿಂದ ದೂಡಿದರೆ ಈ ತುದಿಯಿಂದ ಆ ತುದಿಗೆ ಒಂದೇ ಸಮ ಓಡಬೇಕು.

ಸ್ಕ್ರೂ ಮತ್ತು ಬೇಸಿಗೆ

ವೈ ದಿಕ್ಕಿಗೆ ಎರಡು, ಎಕ್ಸ್‌ಗೆ ಒಂದು, ಝಡ್‌ಗೆ ಒಂದು ಬಾಲ್ ಸ್ಕ್ರೂ ಬೇಕು. ಮೋಟರ್ ತಿರುಗಿಸಿದಂತೆ ಯಂತ್ರದ ಅಂಗವನ್ನು ನೇರಕ್ಕೆ ಸರಿಸುವ ಉದ್ದ ಸ್ಕ್ರೂ ಇದು. 16 ಮಿ.ಮೀ. ವ್ಯಾಸದ, ಒಂದು ಸುತ್ತಿಗೆ 5 ಮಿ.ಮೀ. ಸರಿಯುವ 1605 ಮಾದರಿ ಒಳ್ಳೆಯದು. ತುದಿಯನ್ನು ಬೇರಿಂಗಿಗೆ ತಕ್ಕಂತೆ ಇಳಿಸಲು ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಲೇಥ್ ಕೆಲಸದವರು ಸಿಗುತ್ತಾರೆ. ಬೇರಿಂಗನ್ನೇ ಕೈಯಲ್ಲಿ ತೆಗೆದುಕೊಂಡು ಹೋಗಿ, ಚೀಟಿಯಲ್ಲಿ ಬರೆದ ಅಳತೆಗಿಂತ ಅದೇ ನಂಬಿಕೆಯದು.

ಸ್ಕ್ರೂವಿನ ಒಂದು ತುದಿಯನ್ನು ಮಾತ್ರ ಅಲುಗದಂತೆ ಹಿಡಿಸಿ. ಇನ್ನೊಂದು ತುದಿಯ ಬೇರಿಂಗ್ ಉದ್ದಕ್ಕೆ ಜಾರುವಂತಿರಲಿ. ನಮ್ಮೂರಲ್ಲಿ ಇದು ಬಹಳ ಮುಖ್ಯ. ಮೇ ತಿಂಗಳ ಮಧ್ಯಾಹ್ನ ಇಲ್ಲಿ 40 ಡಿಗ್ರಿ ದಾಟುತ್ತದೆ. ಬಿಸಿ 20 ಡಿಗ್ರಿ ಏರಿದರೆ 600 ಮಿ.ಮೀ. ಉಕ್ಕು 0.14 ಮಿ.ಮೀ. ಹಿಗ್ಗುತ್ತದೆ, ಅಷ್ಟೇ ಉದ್ದದ ಅಲ್ಯೂಮಿನಿಯಂ ಹೆಚ್ಚುಕಡಿಮೆ ಅದರ ಎರಡರಷ್ಟು. ಎರಡೂ ತುದಿ ಕಟ್ಟಿಹಾಕಿದರೆ ಹಿಗ್ಗಲು ಜಾಗ ಸಿಗದೆ ಸ್ಕ್ರೂ ಬಿಲ್ಲಿನಂತೆ ಬಾಗುತ್ತದೆ. ಅಳತೆ ನಿಖರವಾಗಿರಬೇಕಾದ ಕೆಲಸವನ್ನು ಬೇಸಿಗೆಯಲ್ಲಿ ನಾನು ಬೆಳಗಿನ ಹೊತ್ತೇ ಮುಗಿಸುತ್ತೇನೆ.

ವೈರು, ಅರ್ತಿಂಗ್, ಕರೆಂಟು

ನೀಮಾ 23 ಅಳತೆಯ ಸ್ಟೆಪರ್ ಮೋಟರ್ ನಾಲ್ಕು, ಅವನ್ನು ಓಡಿಸಲು ಡ್ರೈವರ್ ಎಂಬ ಸರ್ಕ್ಯೂಟು ನಾಲ್ಕು, ಒಂದು 36 ವೋಲ್ಟ್ ಪವರ್ ಸಪ್ಲೈ, ಒಂದು ಆರ್ಡುಯಿನೊ ಉನೊ ಎಂಬ ಪುಟ್ಟ ಕಂಟ್ರೋಲ್ ಬೋರ್ಡು. ಅದರೊಳಗೆ 2009ರಿಂದ ಬಳಕೆಯಲ್ಲಿರುವ ಜಿಆರ್‌ಬಿಎಲ್ ಎಂಬ ಉಚಿತ, ಮುಕ್ತ ತಂತ್ರಾಂಶ ತುಂಬಿ. ಕಂಪ್ಯೂಟರಿನ ಆಣತಿಯನ್ನು ಮೋಟರಿನ ಹೆಜ್ಜೆಗೆ ಬದಲಿಸುವುದು ಅದೇ. ವೈ ದಿಕ್ಕಿನ ಎರಡೂ ಡ್ರೈವರಿಗೆ ಒಂದೇ ಸಿಗ್ನಲ್ ಕೊಟ್ಟರಾಯಿತು. ಕರೆಂಟ್ ಇರುವಾಗ ಮೋಟರಿನ ವೈರು ಕೀಳಬಾರದು. ಕಿತ್ತರೆ ಡ್ರೈವರ್ ಸುಡುತ್ತದೆ.

ಲೆಕ್ಕ ಸರಳ. ಸ್ಟೆಪರ್ ಮೋಟರ್ ಒಂದು ಹೆಜ್ಜೆಗೆ 1.8 ಡಿಗ್ರಿ ತಿರುಗುತ್ತದೆ, ಅಂದರೆ ಸುತ್ತಿಗೆ 200 ಹೆಜ್ಜೆ. ಡ್ರೈವರಿನಲ್ಲಿ ಒಂದು ಹೆಜ್ಜೆಯನ್ನು ಎಂಟಾಗಿ ಒಡೆದರೆ 1600. ಸ್ಕ್ರೂ ಸುತ್ತಿಗೆ 5 ಮಿ.ಮೀ. ಸರಿಯುವುದರಿಂದ 1600ನ್ನು 5ರಿಂದ ಭಾಗಿಸಿ: ಮಿಲಿಮೀಟರಿಗೆ 320. ಈ ಅಂಕಿಯನ್ನು ಜಿಆರ್‌ಬಿಎಲ್‌ನ $100, $101, $102 ಎಂಬ ಸೆಟ್ಟಿಂಗುಗಳಲ್ಲಿ (ಎಕ್ಸ್, ವೈ, ಝಡ್‌ಗೆ ಒಂದೊಂದು) ಬರೆಯಿರಿ. ಹೆಜ್ಜೆಯನ್ನು ಇನ್ನೂ ಸಣ್ಣಗೆ ಒಡೆದರೆ ನುಣುಪು ಹೆಚ್ಚುತ್ತದೆಂದು ಕೆಲವರು 16, 32 ಮಾಡುತ್ತಾರೆ. ಆರ್ಡುಯಿನೊ ಸೆಕೆಂಡಿಗೆ ಕಳಿಸಬಲ್ಲದ್ದು ಸುಮಾರು 30,000 ಹೆಜ್ಜೆ. 320ರ ಲೆಕ್ಕದಲ್ಲಿ ನಿಮಿಷಕ್ಕೆ 5,625 ಮಿ.ಮೀ. ವೇಗ ಸಿಗುತ್ತದೆ, 640 ಮಾಡಿದರೆ ಅದು ಅರ್ಧಕ್ಕಿಳಿಯುತ್ತದೆ. ಎಂಟೇ ಇರಲಿ.

ಮೂರೂ ದಿಕ್ಕಿಗೆ, ತುದಿ ತಲುಪಿದಾಗ ಯಂತ್ರವನ್ನು ತಡೆಯುವ ಲಿಮಿಟ್ ಸ್ವಿಚ್ ಹಾಕಿ, ಅವು ಸದಾ ಮುಚ್ಚಿದ್ದು ತಾಗಿದಾಗ ತೆರೆಯುವ ಬಗೆಯಲ್ಲಿರಲಿ. ವೈರು ತುಂಡಾದರೂ ಆಗ ಯಂತ್ರ ನಿಲ್ಲುತ್ತದೆ. ಸ್ಪಿಂಡಲ್ ವಿಎಫ್‌ಡಿ (ಅದರ ವೇಗ ಹೆಚ್ಚುಕಡಿಮೆ ಮಾಡುವ ಪೆಟ್ಟಿಗೆ) ಮೇಲೆ ಓಡುವುದಾದರೆ ಅದರ ವಿದ್ಯುತ್ ಗದ್ದಲಕ್ಕೆ ಸ್ವಿಚ್ಚುಗಳು ತಾಗದೆಯೂ ತಾಗಿದಂತೆ ಸುಳ್ಳು ಹೇಳುತ್ತವೆ. ಸ್ಪಿಂಡಲ್ಲಿಗೆ ಜಾಳಿಗೆ ಹೊದಿಕೆಯ ಕೇಬಲ್ ಎಳೆದು ಅರ್ತ್ ಮಾಡಿ, ಸ್ವಿಚ್ಚಿನ ವೈರನ್ನು ಅದರಿಂದ ದೂರ ಒಯ್ಯಿರಿ. ಮನೆಯ ಅರ್ತಿಂಗ್ ಗುಂಡಿಯನ್ನೂ ಒಮ್ಮೆ ನೋಡಿ. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಒಣಗುತ್ತದೆ; ಗುಂಡಿಗೆ ನೀರು ಹಾಕದಿದ್ದರೆ ಅರ್ತ್ ಹೆಸರಿಗಷ್ಟೇ ಉಳಿಯುತ್ತದೆ.

ಕರೆಂಟು ಹೋಗುವ ವಿಷಯದಲ್ಲಿ ನಾನೊಂದು ಪಾಠ ಕಲಿತಿದ್ದೇನೆ. ಕೆಲಸ ಅರ್ಧಕ್ಕೆ ನಿಲ್ಲಬಾರದೆಂದು ಲ್ಯಾಪ್‌ಟಾಪ್, ಆರ್ಡುಯಿನೊ, ಮೋಟರ್ ಸಪ್ಲೈ ಎಲ್ಲವನ್ನೂ ಇನ್ವರ್ಟರಿಗೆ ಹಾಕಿ, ಹೆಚ್ಚು ಎಳೆಯುತ್ತದೆಂದು ಸ್ಪಿಂಡಲ್ಲನ್ನು ಮಾತ್ರ ನೇರ ಲೈನಿಗೆ ಬಿಟ್ಟಿದ್ದೆ. ಒಂದು ಸಂಜೆ ಲೈನ್ ಹೋಯಿತು. ಸ್ಪಿಂಡಲ್ ನಿಂತಿತು, ಗ್ಯಾಂಟ್ರಿ ನಿಲ್ಲಲಿಲ್ಲ. ತಿರುಗದ ಬಿಟ್ಟನ್ನು ಸಾಗವಾನಿಯೊಳಗೆ ನೂಕಿಕೊಂಡೇ ಹೋಯಿತು. ಬಿಟ್ ಮುರಿದು, ಹಲಗೆ ಹಿಡಿಕೆಯಿಂದ ಕಿತ್ತು ಬಂತು. ಒಂದು ವಾರದ ಕೆಲಸ ಹೋಯಿತು. ಹಾಕುವುದಾದರೆ ಎಲ್ಲವನ್ನೂ ಇನ್ವರ್ಟರಿಗೆ ಹಾಕಿ, ಇಲ್ಲದಿದ್ದರೆ ಯಾವುದನ್ನೂ ಹಾಕಬೇಡಿ. ಎಲ್ಲವೂ ಒಟ್ಟಿಗೆ ನಿಂತರೆ ನಷ್ಟ ದೊಡ್ಡದಲ್ಲ. ಲೈನ್ ಬಂದ ಮೇಲೆ ಬಿಟ್ ಮೇಲೆತ್ತಿ, ಹೋಮಿಂಗ್ ಮಾಡಿಸಿ (ಯಂತ್ರ ಸ್ವಿಚ್ಚು ಮುಟ್ಟಿ ತನ್ನ ಮೂಲಸ್ಥಾನ ಗುರುತಿಸಿಕೊಳ್ಳುವುದು), ನಿಂತ ಸಾಲಿಗಿಂತ ಸ್ವಲ್ಪ ಹಿಂದಿನಿಂದ ಮತ್ತೆ ಶುರು ಮಾಡಬಹುದು. ತುರ್ತು ನಿಲುಗಡೆಯ ಕೆಂಪು ಗುಂಡಿಯೂ ಹಾಗೆಯೇ: ಅದು ಸ್ಪಿಂಡಲ್ ಮತ್ತು ಮೋಟರ್ ಎರಡನ್ನೂ ಒಟ್ಟಿಗೆ ಕಡಿಯಬೇಕು.

ಚೌಕ ಕೂತಿದೆಯೇ?

ಗೌಂಡಿಗಳು ಪಾಯ ಹಾಕುವಾಗ ಮೂರು-ನಾಲ್ಕು-ಐದು ಅಳೆದು ಮೂಲೆ ನೋಡುತ್ತಾರಲ್ಲ, ನಾವೂ ಅದನ್ನೇ ಮಾಡೋಣ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮೇಲೆ 400 ಮತ್ತು 300 ಮಿ.ಮೀ. ದೂರಕ್ಕೆ, ಆಯತದ ನಾಲ್ಕು ಮೂಲೆಗೆ ವಿ-ಬಿಟ್‌ನಿಂದ, ಅಂದರೆ ಚೂಪು ಮೊನೆಯ ಬಿಟ್‌ನಿಂದ, ಚುಕ್ಕೆ ಹಾಕಿಸಿ. ಎರಡೂ ಕರ್ಣ 500 ಬರಬೇಕು. ನನ್ನದರಲ್ಲಿ ಒಂದಕ್ಕಿಂತ ಇನ್ನೊಂದು 0.6 ಮಿ.ಮೀ. ಹೆಚ್ಚಿತ್ತು. ಅಂದರೆ 400 ಮಿ.ಮೀ. ಅಗಲಕ್ಕೆ ಗ್ಯಾಂಟ್ರಿ ಅರ್ಧ ಮಿ.ಮೀ. ಓರೆ. ವೈ ಸ್ಕ್ರೂಗಳ ನಡುವೆ 500 ಮಿ.ಮೀ. ಅಂತರವಿರುವುದರಿಂದ ಒಂದು ಕಡೆ 0.6ರಷ್ಟು ಸರಿಸಬೇಕು. ಕರೆಂಟ್ ಆರಿಸಿ, ಆ ಕಡೆಯ ಮೋಟರನ್ನು ಸ್ಕ್ರೂಗೆ ಜೋಡಿಸುವ ಕಪ್ಲಿಂಗ್ ಸಡಿಲಿಸಿ, ಸ್ಕ್ರೂವನ್ನು ಸುತ್ತಿನ ಎಂಟನೇ ಒಂದು ಭಾಗ ತಿರುಗಿಸಿ ಬಿಗಿದೆ. ಮತ್ತೆ ಅಳೆದಾಗ ಎರಡೂ ಕರ್ಣ ಒಂದೇ. ನೋಡುತ್ತ ನಿಂತಿದ್ದ ನಮ್ಮ ಓಣಿಯ ಬಡಿಗರು ತಮ್ಮ ಗುಣ್ಯಾ (ಮೂಲೆಮಟ್ಟ) ಹಚ್ಚಿ ನೋಡಿ, ‘ಈಗ ಮೂಲಿ ಕೂತದ ನೋಡ್ರಿ’ ಅಂದರು.

ಅಳತೆ ಸ್ವಲ್ಪ ತಪ್ಪಿದ ಕೂಡಲೇ 320ನ್ನು ತಿದ್ದಲು ಕೈ ತುರಿಸುತ್ತದೆ. ತಡೆಯಿರಿ. ಬಾಲ್ ಸ್ಕ್ರೂ ಅಷ್ಟು ಸುಳ್ಳು ಹೇಳುವುದಿಲ್ಲ. ತಪ್ಪುವುದು ಹೆಚ್ಚಾಗಿ ನಮ್ಮ ಅಳತೆಪಟ್ಟಿ, ಇಲ್ಲವೇ ಸಡಿಲವಾದ ಕಪ್ಲಿಂಗ್.

ಇದಾದ ಮೇಲೆ 18 ಮಿ.ಮೀ. ಎಂಡಿಎಫ್ ಹಲಗೆಯನ್ನು ಮೇಜಾಗಿ ಹಾಕಿ, ಅಗಲವಾದ ಬಿಟ್‌ನಿಂದ ಅದರ ಮೈಯನ್ನು ಅರ್ಧ ಮಿ.ಮೀ. ಯಂತ್ರದಿಂದಲೇ ಹೆರೆಸಿ. ಉಗುರಿನಿಂದ ಸವರಿದಾಗ ಸಾಲಿಗೊಂದು ಏಣು ಸಿಕ್ಕರೆ ಸ್ಪಿಂಡಲ್ ನೆಟ್ಟಗಿಲ್ಲ ಎಂದರ್ಥ. ಅದರ ಹಿಡಿಕೆಯ ಹಿಂದೆ ಮತ್ತೆ ಅದೇ ತಗಡು ಇಟ್ಟು ಸರಿಮಾಡಿ.

ಬದಲಾವಣೆ ಎಲ್ಲಿಂದ?

ಕೆಲವು ವಾರ ಕೆಲಸ ಮಾಡಿದ ಮೇಲೆ ಯಂತ್ರವನ್ನು ಸುಧಾರಿಸುವ ಹುಮ್ಮಸ್ಸು ಬರುತ್ತದೆ. ಊಹೆಯ ಮೇಲೆ ಸಾಮಾನು ತರಬೇಡಿ. ಸೋಲುತ್ತಿರುವ ಅಂಗ ಯಾವುದೆಂದು ಅಳೆದು ಹುಡುಕಿ. ಬೇಕಾಗಿರುವುದು ಕೂದಲೆಳೆಯಷ್ಟು ಅಲುಗಾಟವನ್ನೂ ಮುಳ್ಳಿನಿಂದ ತೋರಿಸುವ ಒಂದು ಡಯಲ್ ಗೇಜ್ ಮತ್ತು ಪ್ರಯಾಣದ ಚೀಲ ತೂಗುವ ಕೊಕ್ಕೆಯ ತಕ್ಕಡಿ. ಮೋಟರುಗಳಿಗೆ ಕರೆಂಟ್ ಕೊಟ್ಟು, ಸ್ಪಿಂಡಲ್ ಬಂದ್ ಇಟ್ಟು, ಅದರ ತುದಿಗೆ ಕೊಕ್ಕೆ ಸಿಕ್ಕಿಸಿ 5 ಕಿಲೊ ತೋರಿಸುವಷ್ಟು ಪಕ್ಕಕ್ಕೆ ಎಳೆಯಿರಿ. ಡಯಲ್ ಗೇಜನ್ನು ಒಮ್ಮೆ ತುದಿಗೆ, ಒಮ್ಮೆ ಝಡ್ ತಟ್ಟೆಗೆ, ಒಮ್ಮೆ ಗ್ಯಾಂಟ್ರಿಗೆ, ಒಮ್ಮೆ ಚೌಕಟ್ಟಿಗೆ ಹಚ್ಚಿ ಬರೆದುಕೊಳ್ಳಿ. ನನಗೆ ಸಿಕ್ಕದ್ದು: ತುದಿಯಲ್ಲಿ 0.35 ಮಿ.ಮೀ., ಝಡ್ ತಟ್ಟೆಯಲ್ಲಿ 0.30, ಗ್ಯಾಂಟ್ರಿಯಲ್ಲಿ 0.08, ಚೌಕಟ್ಟಿನಲ್ಲಿ ಮುಳ್ಳು ಅಲುಗಲೇ ಇಲ್ಲ. ಗ್ಯಾಂಟ್ರಿಯಿಂದ ತಟ್ಟೆಗೆ ಬರುವಷ್ಟರಲ್ಲಿ 0.22 ಹಾರಿತ್ತು. ನಾನು ದಪ್ಪ ಗ್ಯಾಂಟ್ರಿ ತರಿಸಲು ಹೊರಟಿದ್ದೆ. ಕಾಯಿಲೆ ಇದ್ದದ್ದು ಝಡ್ ತಟ್ಟೆ ಮತ್ತು ಅದನ್ನು ಹೊತ್ತ ಕ್ಯಾರೇಜಿನಲ್ಲಿ.

ಹೊಸ ತಟ್ಟೆಯನ್ನು ಅದೇ ಯಂತ್ರದಲ್ಲಿ ಕೊರೆದೆ. 12 ಮಿ.ಮೀ. ಅಲ್ಯೂಮಿನಿಯಂ, ಒಂದೇ ಹಲ್ಲಿನ ಬಿಟ್, ಒಂದು ಸಲಕ್ಕೆ 0.2 ಮಿ.ಮೀ. ಆಳ, ನಡುನಡುವೆ ಹನಿ ಕಟಿಂಗ್ ಆಯಿಲ್. ಇಡೀ ದಿನ ಹಿಡಿಯಿತು. ಕ್ಯಾರೇಜುಗಳನ್ನು ಮೊದಲಿಗಿಂತ ದೂರ ದೂರ ಕೂರಿಸುವಂತೆ ತೂತು ಹಾಕಿ, ಸ್ಪಿಂಡಲ್ಲನ್ನು ಎರಡು ಬೆರಳು ಮೇಲಕ್ಕೆತ್ತಿ ಕಟ್ಟಿದೆ. ಮತ್ತೆ 5 ಕಿಲೊ ಎಳೆದಾಗ ತುದಿಯಲ್ಲಿ 0.12. ಬೇವಿನ ಹಲಗೆಯ ಮೇಲಿನ ಕೊನೆಯ ಗೀರುಗಳು ಹೋದದ್ದು ಆ ಸಂಜೆ.

ಮೊದಲ ನಾಮಫಲಕ

ಕನ್ನಡ ಅಕ್ಷರ ಕೊರೆಯುವವರು ಯುನಿಕೋಡ್ ಫಾಂಟನ್ನೇ ಬಳಸಿ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬರೆದು, ಅಕ್ಷರವನ್ನು ಪಾತ್‌ಗೆ, ಅಂದರೆ ಗೆರೆಗಳ ಆಕಾರಕ್ಕೆ, ಬದಲಿಸಿ, ಆಮೇಲೆ ಹಿಗ್ಗಿಸಿ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ. ‘ಶ್ರೀ’ಯ ಕೆಳಗಿನ ಒತ್ತು, ‘ಶ್ವ’ದ ಸಂದು 3 ಮಿ.ಮೀ. ಬಿಟ್ ತೂರದಷ್ಟು ಕಿರಿದಿರುತ್ತವೆ. ನಮ್ಮ ಊರಿನ ಬಹಳ ಮನೆಗಳ ಬಾಗಿಲಲ್ಲಿ ‘ಶ್ರೀ ಶರಣಬಸವೇಶ್ವರ ಪ್ರಸನ್ನ’ ಇರುವುದರಿಂದ ಈ ಎರಡೂ ತೊಡಕು ಮೊದಲ ದಿನವೇ ಎದುರಾಗುತ್ತವೆ. ಅದಕ್ಕೆ 60 ಡಿಗ್ರಿ ವಿ-ಬಿಟ್ ಸರಿ: ಗೆರೆ 4 ಮಿ.ಮೀ. ಅಗಲವಿದ್ದಲ್ಲಿ ಸುಮಾರು 3.5 ಮಿ.ಮೀ. ಇಳಿಯುತ್ತದೆ, ಕಿರಿದಾದಲ್ಲಿ ತಾನೇ ಮೇಲೆ ಬರುತ್ತದೆ.

ವೇಗಕ್ಕೆ ಲೆಕ್ಕ ಹೀಗೆ: ಸ್ಪಿಂಡಲ್ ನಿಮಿಷಕ್ಕೆ 18,000 ಸುತ್ತು, ಬಿಟ್‌ಗೆ ಎರಡು ಹಲ್ಲು, ಒಂದೊಂದು ಹಲ್ಲು 0.03 ಮಿ.ಮೀ. ಕಡಿದರೆ ನಿಮಿಷಕ್ಕೆ 1,080 ಮಿ.ಮೀ. ಹೆದರಿ ತೀರ ನಿಧಾನ ಓಡಿಸಿದರೆ ಮರ ಸುಟ್ಟು ಕಪ್ಪಾಗುತ್ತದೆ. ಉದುರಿದ್ದನ್ನು ಬೆರಳಿನ ನಡುವೆ ತಿಕ್ಕಿ ನೋಡಿ: ಜೋಳದ ನುಚ್ಚಿನಂತಿದ್ದರೆ ವೇಗ ಸರಿಯಿದೆ, ಹಿಟ್ಟಿನಂತಿದ್ದರೆ ಬಿಟ್ ಕಡಿಯುತ್ತಿಲ್ಲ, ತೇಯುತ್ತಿದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಒಳ್ಳೆಯ ಮಾಸ್ಕ್ ಇರಲಿ. ಎಂಡಿಎಫ್ ಧೂಳು ಎದೆಗೆ ಕೆಟ್ಟದ್ದು. ಸ್ಪಿಂಡಲ್ ತಿರುಗುವಾಗ ಕೈಗವಸು ಹಾಕಬೇಡಿ, ಸುತ್ತಿಕೊಂಡರೆ ಬೆರಳನ್ನೇ ಎಳೆಯುತ್ತದೆ.

ಕೊರೆದಾದ ಮೇಲೆ ಹಲಗೆಯನ್ನು ಕೂಡಲೇ ಬಿಚ್ಚಬೇಡಿ. ಒತ್ತುಗಳ ಮೂಲೆಯಲ್ಲಿ ನಾರು ನಿಂತಿದ್ದರೆ ಅದೇ ಪ್ರೋಗ್ರಾಮನ್ನು ಇನ್ನೊಮ್ಮೆ ಓಡಿಸಿ. ಅಲುಗದ ಯಂತ್ರವಾದರೆ ಬಿಟ್ ಹಳೆಯ ಗೆರೆಯಲ್ಲೇ ಇಳಿದು ಆ ನಾರನ್ನಷ್ಟೇ ತೆಗೆಯುತ್ತದೆ. ಆಮೇಲೆ ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ಧೂಳು ತೆಗೆದು, ಅಗಸೆ ಎಣ್ಣೆ ಸವರಿ, ಎರಡು ದಿನ ನೆರಳಲ್ಲಿ ಒಣಗಿಸಿ ಬಾಗಿಲಿಗೆ ಹಾಕಿ.