ಮಣಿ ಯಾಕೆ ಮೇಲೇರಲಿಲ್ಲ?

ಡಿಗ್ರಿ ಎರಡನೇ ವರ್ಷದಲ್ಲಿ ಕ್ಲಾಸಿಕಲ್ ಮೆಕ್ಯಾನಿಕ್ಸ್, ಅಂದರೆ ವಸ್ತುಗಳ ಚಲನೆಯ ಭೌತಶಾಸ್ತ್ರ, ನನಗೆ ಬರುತ್ತದೆ ಅಂದುಕೊಂಡಿದ್ದೆ. ನಿಜಕ್ಕೂ ಬರುತ್ತಿದ್ದದ್ದು ಬಿಡಿಸಿಟ್ಟ ಲೆಕ್ಕ ಓದುವುದು ಮಾತ್ರ. ಓದುವಾಗ ಎಲ್ಲ ಸಲೀಸು. ಪುಸ್ತಕ ಮುಚ್ಚಿ ಕೂತರೆ ಮೊದಲ ಸಾಲೇ ಹೊಳೆಯುತ್ತಿರಲಿಲ್ಲ.

ಕೊನೆಗೆ ಒಂದೇ ಲೆಕ್ಕದ ಹಿಂದೆ ವಾರವಿಡೀ ಬಿದ್ದೆ. ನೆಟ್ಟಗೆ ನಿಲ್ಲಿಸಿದ ತಂತಿಯ ಬಳೆ, ಅದರಲ್ಲಿ ಜಾರುವ ಮಣಿ. ಘರ್ಷಣೆ ಇಲ್ಲ. ಬಳೆಯನ್ನು ಬುಗುರಿಯ ಹಾಗೆ ಒಂದೇ ವೇಗದಲ್ಲಿ ತಿರುಗಿಸುತ್ತಾರೆ. ಮಣಿ ಎಲ್ಲಿ ನಿಲ್ಲುತ್ತದೆ?

ನಾನು ಜಾಣತನ ಮಾಡಿದೆ. ಚಲನಶಕ್ತಿಗೆ ಪ್ರಚ್ಛನ್ನ ಶಕ್ತಿ ಕೂಡಿಸಿ, ಮೊತ್ತ ಬದಲಾಗುವುದಿಲ್ಲ ಅಂತ ಬರೆದು, ಡಿಫರೆನ್ಶಿಯೇಟ್ ಮಾಡಿದೆ. ಯೂನಿಟ್ ಸರಿ ಇತ್ತು. ಬಳೆಯ ವೇಗ ಸೊನ್ನೆ ಅಂತ ಹಾಕಿದರೆ ಸಾದಾ ಲೋಲಕದ ಸಮೀಕರಣವೇ ಬಂತು. ಖುಷಿಯಿಂದ ಟಿಕ್ ಹಾಕಿಕೊಂಡೆ. ಆಮೇಲೆ ಸುಮ್ನೆ, ಬಳೆ ಭಾರಿ ಜೋರಾಗಿ ತಿರುಗಿದರೆ ಏನಾಗುತ್ತದೆ ಅಂತ ನೋಡಿದೆ. ನನ್ನ ಉತ್ತರದ ಪ್ರಕಾರ ಮಣಿ ತಳ ಬಿಟ್ಟು ಕದಲುವುದೇ ಇಲ್ಲ! ಅದು ಹೊರಕ್ಕೆ ಸರಿದು ಮೇಲೇರಬೇಕಿತ್ತು, ಅಲ್ವಾ?

ಒಂದು ಮೈನಸ್ ಹೆಚ್ಚಾಗಿದೆ ಅಂತ ಎರಡು ದಿನ ಹುಡುಕಿದೆ. ಗಣಿತದಲ್ಲಿ ತಪ್ಪೇ ಇರಲಿಲ್ಲ. ತಪ್ಪಿದ್ದದ್ದು ಮೊದಲ ಸಾಲಿನಲ್ಲಿ. ಮಣಿ ಹೊರಗೆ ಸರಿದಾಗಲೂ ಬಳೆಯ ವೇಗ ಇಳಿಯಬಾರದು ಅಂದರೆ ತಿರುಗಿಸುವ ಮೋಟಾರು ಶಕ್ತಿ ಸುರಿಯಲೇಬೇಕು. ಮಣಿ ಒಳಗೆ ಬಂದಾಗ ಅದನ್ನು ವಾಪಸ್ ಪಡೆಯಬೇಕು. ಹೀಗಿರುವಾಗ ಮಣಿಯ ಒಟ್ಟು ಶಕ್ತಿ ಒಂದೇ ಸಮ ಇರುವುದು ಹೇಗೆ?

ಲಗ್ರಾಂಜಿಯನ್ ದಾರಿಯಲ್ಲಿ, ಅಂದರೆ ಬಲಗಳ ಬದಲು ಶಕ್ತಿಗಳಿಂದಲೇ ಚಲನೆಯ ಸಮೀಕರಣ ಪಡೆಯುವ ವಿಧಾನದಲ್ಲಿ, ಮತ್ತೆ ಮಾಡಿದೆ. ಚಲನಶಕ್ತಿಗೆ ಪ್ರಚ್ಛನ್ನ ಶಕ್ತಿ ಕೂಡಿಸುವ ಬದಲು ಕಳೆಯುವುದು, ತಳದಿಂದ ಮಣಿಯ ಕೋನ ಒಂದೇ ಅಜ್ಞಾತ. ನಾಲ್ಕು ಸಾಲಿಗೆ ಮುಗಿಯಿತು. ನಂಬಿಕೆ ಬರದೆ ಬಲಗಳ ಚಿತ್ರ ಬರೆದು ನ್ಯೂಟನ್ ದಾರಿಯಲ್ಲೂ ಮಾಡಿದೆ. ಎರಡು ಪುಟ ಹಿಡಿಯಿತು, ಉತ್ತರ ಅದೇ.

ಆಮೇಲೆ ಅಂಕಿ ಹಾಕಿದೆ. ಬೇರೆಲ್ಲಕ್ಕಿಂತ ಇದು ಜಾಸ್ತಿ ಕಲಿಸಿತು. ಬಳೆಯ ತ್ರಿಜ್ಯ 10 ಸೆಂ.ಮೀ. ಇದ್ದರೆ, ಸೆಕೆಂಡಿಗೆ ಸುಮಾರು 1.6 ಸುತ್ತಿನವರೆಗೂ ಮಣಿ ತಳದಲ್ಲೇ ನೆಮ್ಮದಿಯಾಗಿರುತ್ತದೆ. ಅದನ್ನು ದಾಟಿದರೆ ತಳದಲ್ಲಿ ನಿಲ್ಲಲಾರದೆ ಏರುತ್ತದೆ. ವೇಗ ಅದರ ಎರಡರಷ್ಟಾದರೆ ಅದು ನಿಲ್ಲುವ ಜಾಗ ತಳದಿಂದ ಸುಮಾರು 75 ಡಿಗ್ರಿ. ಎಷ್ಟೇ ತಿರುಗಿಸಿದರೂ 90 ಮುಟ್ಟುವುದಿಲ್ಲ. ಮಣಿಯ ತೂಕ ಲೆಕ್ಕಕ್ಕೇ ಬರುವುದಿಲ್ಲ.

ಪರೀಕ್ಷೆಯಲ್ಲಿ ಬಳೆ ಬರಲಿಲ್ಲ. ಜಾರುವ ಇಳಿಜಾರಿನ ಮೇಲೆ ಜಾರುವ ಒಂದು ಬ್ಲಾಕ್ ಬಂತು. ಪೆನ್ನು ಎತ್ತುವ ಮೊದಲು ಪ್ರಶ್ನೆಯನ್ನು ಎರಡು ಸಲ ಓದಿದೆ, ಇಳಿಜಾರನ್ನು ಯಾರಾದರೂ ತಳ್ಳುತ್ತಿದ್ದಾರಾ ಅಂತ.