ದೊಡ್ಡ ಕೋವಿಯನ್ನು ಪಳಗಿಸಿಕೊಂಡ ಬಗೆ

ಕೋವಿ ದೊಡ್ಡದಾದಷ್ಟೂ ಹಾರಿಸುವವನ ಭುಜ ಗಟ್ಟಿಯಾಗಿರಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಾನು ಸಣ್ಣ ಮೈಕಟ್ಟಿನವನು. ಆದರೂ .375 (ಇದು ಇಂಚಿನಲ್ಲಿ ಗುಂಡಿನ ಅಡ್ಡಳತೆ) ಎಚ್ ಅಂಡ್ ಎಚ್ ಮ್ಯಾಗ್ನಮ್ ತೋಟಾದ ರೈಫಲ್ ಇವತ್ತು ನನ್ನ ಕೈಗೆ ಒಗ್ಗಿದೆ. ಅದು ಹೇಗಾಯಿತು ಎಂಬುದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಇಂತಹ ದೊಡ್ಡ ರೈಫಲಿನ ಆಸೆ ಇಟ್ಟುಕೊಂಡವರು ನಾನು ಮೊದಲು ಎಣಿಸಿದ್ದಕ್ಕಿಂತ ಹೆಚ್ಚು ಜನರಿದ್ದಾರೆ.

ನಾನು ಮಲೆನಾಡಿನ ಅಡಿಕೆ ತೋಟದ ಮನೆಯವನು. ಹಂದಿ ಕಾಯಲು ಇಟ್ಟುಕೊಂಡ ಲೈಸೆನ್ಸಿನ ಕೋವಿ ಅಟ್ಟದ ಮೇಲಿರುತ್ತಿತ್ತು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಬರುತ್ತಿತ್ತು. 1972ರ ವನ್ಯಜೀವಿ ಕಾಯ್ದೆಯ ನಂತರ ಹುಟ್ಟಿದ ನನಗೆ ಶಿಕಾರಿ ಎಂದರೆ ಹಿರಿಯರ ಬಾಯಿಂದ ಕೇಳಿದ ಕಥೆ ಮಾತ್ರ. ಕೆಲಸಕ್ಕೆಂದು ಟೆಕ್ಸಾಸ್‌ಗೆ ಬಂದ ಮೇಲೆ ಆ ಬಾಗಿಲು ತೆರೆಯಿತು. ಎಚ್-1ಬಿಯಂತಹ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿ ಇಟ್ಟುಕೊಳ್ಳಲು ಇಲ್ಲಿನ ಫೆಡರಲ್ ಕಾನೂನು ಅಡ್ಡಬರುತ್ತದೆ. ಯಾವುದಾದರೂ ರಾಜ್ಯದ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ನಾನು ಗ್ರೀನ್ ಕಾರ್ಡ್ ಬರುವವರೆಗೂ ಕಾದೆ. 1971ರ ಸೆಪ್ಟೆಂಬರ್ 2 ಅಥವಾ ಆನಂತರ ಹುಟ್ಟಿದವರು ಟೆಕ್ಸಾಸ್‌ನಲ್ಲಿ ಬೇಟೆಯಾಡಬೇಕಾದರೆ ಸುರಕ್ಷತಾ ಶಿಕ್ಷಣ ಪಡೆದಿರಬೇಕು, ಅದನ್ನೂ ಮುಗಿಸಿಕೊಂಡೆ.

.375 ಏಕೆ? ಲಂಡನ್ನಿನ ಹಾಲಂಡ್ ಅಂಡ್ ಹಾಲಂಡ್ ಕಂಪನಿ ಈ ತೋಟಾವನ್ನು ಹೊರತಂದದ್ದು 1912ರಲ್ಲಿ. ಆಗ ಬಳಸುತ್ತಿದ್ದ ಮದ್ದು ಕಾರ್ಡೈಟ್. ಉಷ್ಣ ದೇಶಗಳ ಬಿಸಿಲಿಗೆ ಕಾರ್ಡೈಟ್‌ನ ಒತ್ತಡ ಏರುತ್ತಿತ್ತು, ಹಾರಿದ ತೋಟಾ ಕೋಣೆಯಲ್ಲಿ, ಅಂದರೆ ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗದಲ್ಲಿ, ಕಚ್ಚಿಕೊಳ್ಳುವ ಭಯವಿತ್ತು. ಅದಕ್ಕೆಂದೇ ಕೇಸನ್ನು, ಅಂದರೆ ಮದ್ದು ತುಂಬುವ ಹಿತ್ತಾಳೆಯ ಕೊಳವೆಯನ್ನು, ಬುಡದಿಂದ ತುದಿಗೆ ಸಣ್ಣಗಾಗುವಂತೆ ಇಳಿಜಾರಾಗಿ ಮಾಡಿದರು. ಅಂತಹ ಕೇಸಿನ ಹೆಗಲು ತೀರ ಚಿಕ್ಕದು, ತೋಟಾ ಕೋಣೆಯಲ್ಲಿ ಸರಿಯಾದ ಆಳದಲ್ಲಿ ನಿಲ್ಲಲು ಅದು ಸಾಲದು. ಆದ್ದರಿಂದ ಬುಡಕ್ಕೊಂದು ಹಿತ್ತಾಳೆಯ ಪಟ್ಟಿ ಬಂತು. ತೋಟಾವನ್ನು ಒಳಗೆ ತಳ್ಳಿ ಭದ್ರಪಡಿಸುವ ಬೋಲ್ಟನ್ನು ಕೈಯಿಂದ ಎಳೆದು ತಳ್ಳಿದಾಗ ಈ ಉದ್ದನೆಯ ತೋಟಾ ಎಲ್ಲಿಯೂ ತಡೆಯದೆ ಒಳಗೆ ಜಾರುವುದನ್ನು ಅನುಭವಿಸಿದವರಿಗೆ ನೂರು ವರ್ಷ ದಾಟಿದರೂ ಅದು ಏಕೆ ಉಳಿದಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. 300 ಗ್ರೇನ್, ಅಂದರೆ ಹತ್ತಿರ ಹತ್ತಿರ ಇಪ್ಪತ್ತು ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 2,500 ಅಡಿ ವೇಗದಲ್ಲಿ ಹೊರಡುತ್ತದೆ. ಆಫ್ರಿಕದ ಹಲವು ದೇಶಗಳಲ್ಲಿ ಕಾಡೆಮ್ಮೆ, ಆನೆಗಳಂತಹ ಅಪಾಯದ ಪ್ರಾಣಿಗಳಿಗೆ ಕಾನೂನು ಒಪ್ಪುವ ಅತಿ ಸಣ್ಣ ಅಳತೆ ಇದೇ. ಹಾಗಿದ್ದೂ ಇನ್ನೂರು ಗಜದವರೆಗೆ ಇದರ ಗುಂಡಿನ ಹಾದಿ, ಜಿಂಕೆ ಬೇಟೆಗೆ ಎಲ್ಲರೂ ಬಳಸುವ .30-06 ತೋಟಾದ 180 ಗ್ರೇನ್ ಗುಂಡಿನ ಹಾದಿಯನ್ನೇ ಹೋಲುತ್ತದೆ. ಒಂದೇ ದೊಡ್ಡ ರೈಫಲ್ ಕೊಳ್ಳುವವರು ಇದನ್ನೇ ಕೊಳ್ಳಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ನಾನು ಕೊಂಡದ್ದು ಒಬ್ಬರು ಬಳಸಿ ಬಿಟ್ಟ ವಿಂಚೆಸ್ಟರ್ ಮಾಡೆಲ್ 70. ಜರ್ಮನಿಯ ಹಳೆಯ ಮೌಸರ್ 98 ರೈಫಲಿನ ಮಾದರಿಯ, ಅಗಲವಾದ ಉಗುರು ಇರುವ ಎಕ್ಸ್‌ಟ್ರಾಕ್ಟರ್ (ತೋಟಾವನ್ನು ಹೊರಗೆಳೆಯುವ ಕೊಕ್ಕೆ) ಬೇಕೆಂದು ಹಟ ಹಿಡಿದಿದ್ದೆ. ಮ್ಯಾಗಜೀನಿನಿಂದ ತೋಟಾ ಮೇಲೆದ್ದ ಕೂಡಲೇ ಆ ಉಗುರು ಅದರ ಬುಡವನ್ನು ಹಿಡಿದುಕೊಳ್ಳುತ್ತದೆ. ಗಾಬರಿಯಲ್ಲಿ ಬೋಲ್ಟನ್ನು ಅರ್ಧಕ್ಕೆ ಹಿಂದೆಳೆದರೂ ತೋಟಾ ಅದರೊಡನೆ ಹೊರಬರುತ್ತದೆ. ಎರಡು ತೋಟಾ ಒಮ್ಮೆಗೇ ನುಗ್ಗಿ ಸಿಕ್ಕಿಕೊಳ್ಳುವುದಿಲ್ಲ. ಭುಜಕ್ಕೆ ಒತ್ತಿ ಹಿಡಿಯುವ ಬಟ್ ನನ್ನ ತೋಳಿಗೆ ಉದ್ದವಾಗಿತ್ತು. ಗನ್‌ಸ್ಮಿತ್ ಬಳಿ ಕೊಯ್ಯಿಸಿ, ದಪ್ಪ ರಬ್ಬರಿನ ಪ್ಯಾಡ್ ಕೂರಿಸಿದೆ. ಹಾರಿದಾಗ ಕೋವಿ ಭುಜಕ್ಕೆ ಕೊಡುವ ಒದೆಯ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ಮೈಗೆ ಹೊಂದದ ಕೋವಿಯಿಂದ ತಿಂದ ಪೆಟ್ಟನ್ನು ಜನ ತೋಟಾದ ಲೆಕ್ಕಕ್ಕೆ ಹಾಕುತ್ತಾರೆ.

ಉಳಿದರ್ಧ ಅಭ್ಯಾಸದ ಕೆಲಸ. .375ರ ಒದೆ .30-06ರದಕ್ಕಿಂತ ಸುಮಾರು ಇಮ್ಮಡಿ. ಅಂತಹ ಕೋವಿಯನ್ನು ಬೆಂಚಿನ ಮೇಲೆ ಬಗ್ಗಿ ಕುಳಿತು ಹಾರಿಸಿದರೆ ಇಡೀ ಒದೆ ಭುಜದ ಮೂಳೆಗೇ ಹೋಗುತ್ತದೆ. ನಿಂತು ಹಾರಿಸಿದರೆ ಸೊಂಟದಿಂದ ಮೇಲಿನ ಮೈ ಹಿಂದಕ್ಕೆ ಬಾಗಿ ಅದನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಬೆಂಚನ್ನು ಸ್ಕೋಪ್, ಅಂದರೆ ಗುರಿಯ ದುರ್ಬೀನು, ಹೊಂದಿಸುವುದಕ್ಕೆ ಮಾತ್ರ ಇಟ್ಟುಕೊಂಡೆ. ಆಗಲೂ ಭುಜಕ್ಕೂ ಬಟ್ಟಿಗೂ ನಡುವೆ ಒಂದು ಮರಳಿನ ಚೀಲ. ಮಿಕ್ಕ ಅಭ್ಯಾಸವೆಲ್ಲ ನಿಂತೇ, ಮೂರು ಕಾಲಿನ ಕೋಲಿನ ಮೇಲೆ ನಳಿಗೆ ಇಟ್ಟು, ಮುಂದಿನ ಕೈಯಿಂದ ಕೋವಿಯನ್ನು ಬಿಗಿಯಾಗಿ ಹಿಡಿದು. ಕಿವಿಗೆ ಒಳಗೊಂದು ಬಿರಡೆ, ಮೇಲೊಂದು ಮಫ್. ಸದ್ದು ಹೊಕ್ಕುವುದು ಕಡಿಮೆಯಾದಂತೆ ಒದೆಯೂ ಕಡಿಮೆ ಎನ್ನಿಸುತ್ತದೆ. ಬೆಚ್ಚುವುದರಲ್ಲಿ ಸದ್ದಿನ ಪಾಲು ದೊಡ್ಡದು. ಸ್ಕೋಪಿಗೂ ಹುಬ್ಬಿಗೂ ನಡುವೆ ನಾಲ್ಕು ಇಂಚಿನಷ್ಟು ಜಾಗ ಬಿಟ್ಟಿದ್ದೇನೆ. ಗೆಳೆಯರೊಬ್ಬರು ನನಗೆ ಕಾಣದಂತೆ ನಡುನಡುವೆ ಮದ್ದಿಲ್ಲದ ಡಮ್ಮಿ ತೋಟಾ ತುಂಬಿಕೊಡುತ್ತಿದ್ದರು. ಟ್ರಿಗರ್ ಒತ್ತಿದಾಗ ಬರೀ 'ಟಕ್' ಎಂದು ನಳಿಗೆ ಅಲುಗದೆ ನಿಂತರೆ ಅಭ್ಯಾಸ ಸರಿಯಿದೆ. ಒಂದು ಬೆಳಗಿಗೆ ಕೆಲವೇ ಈಡು ಸಾಕು. ದಣಿದ ಮೇಲೆ ಹಾರಿಸಿದ ಪ್ರತಿ ಈಡೂ ಬೆಚ್ಚುವುದನ್ನೇ ಕಲಿಸುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಖಾಲಿ ಕೇಸುಗಳಿಗೆ ಮದ್ದು, ಗುಂಡು ಹಾಕಿ ತೋಟಾಗಳನ್ನು ನಾನೇ ತುಂಬಿಕೊಳ್ಳಲು ಕಲಿತದ್ದು. ಅಂಗಡಿಯ .375 ತೋಟಾ ದುಬಾರಿ, ಅದಕ್ಕಿಂತ ಮುಖ್ಯವಾಗಿ ಅದರಲ್ಲಿ ಇರುವುದು ಪೂರ್ಣ ಮದ್ದು. ಎಚ್4895 ಎಂಬ ಮದ್ದನ್ನು ಕೈಪಿಡಿಯ ಗರಿಷ್ಠ ಪ್ರಮಾಣದ ಶೇ. 60ರವರೆಗೆ ಇಳಿಸಬಹುದು ಎಂದು ತಯಾರಕರೇ ಹೇಳುತ್ತಾರೆ. ನಿಧಾನವಾಗಿ ಉರಿಯುವ ಬೇರೆ ಮದ್ದುಗಳನ್ನು ಹಾಗೆ ಇಳಿಸುವುದು ಅಪಾಯ, ಅದನ್ನು ಯಾರೂ ಮಾಡಬಾರದು. ಆ ಇಳಿಸಿದ ತೋಟಾದಿಂದ ಆರಂಭಿಸಿ, ಮೈ ಒಗ್ಗಿದಂತೆ ಹಂತ ಹಂತವಾಗಿ ಏರಿಸುತ್ತಾ ಹೋದೆ. ಪೂರ್ಣ ಮದ್ದಿನ ತೋಟಾ ಹಾರಿಸಿದ ದಿನ ಅದು ಹೊಸದೆನ್ನಿಸಲಿಲ್ಲ. ಪಟ್ಟಿಯಿರುವ ಕೇಸುಗಳಲ್ಲಿ ಒಂದು ಎಚ್ಚರ ಬೇಕು: ಮತ್ತೆ ಮತ್ತೆ ತುಂಬಿದರೆ ಪಟ್ಟಿಯ ಮೇಲ್ಗಡೆ ಹಿತ್ತಾಳೆ ಹಿಗ್ಗಿ ತೆಳುವಾಗುತ್ತದೆ. ತುದಿ ಬಗ್ಗಿಸಿದ ತಂತಿಯನ್ನು ಕೇಸಿನ ಒಳಗೆ ಆಡಿಸಿ ನೋಡುತ್ತೇನೆ. ಸಣ್ಣ ತಗ್ಗು ತಡೆದರೂ ಆ ಕೇಸು ಕಸದ ಬುಟ್ಟಿಗೆ.

ಇಷ್ಟೆಲ್ಲ ಸಿದ್ಧತೆ ನೀಲಗಾಯಿಗಾಗಿ. ನಮ್ಮ ದೇಶದ ಈ ಪ್ರಾಣಿಯನ್ನು ದಕ್ಷಿಣ ಟೆಕ್ಸಾಸ್‌ನ ಕಿಂಗ್ ರಾಂಚ್‌ನವರು ಕಳೆದ ಶತಮಾನದ ಮೊದಲರ್ಧದಲ್ಲಿ ತಂದು ಬಿಟ್ಟರು. ಕರಾವಳಿಯ ಹುಲ್ಲುಗಾವಲಿನಲ್ಲಿ ಅವು ಈಗ ಸಾವಿರಾರು ಸಂಖ್ಯೆಯಲ್ಲಿವೆ. ದನಗಳಿಗೆ ಜ್ವರ ಹರಡುವ ಉಣ್ಣೆಗಳನ್ನು ಹೊತ್ತು ತಿರುಗುವುದರಿಂದ ರಾಂಚಿನವರಿಗೆ ಚಿಂತೆಯೂ ಹೌದು. ಹೊರಗಿನಿಂದ ಬಂದ ಪ್ರಾಣಿಯಾದ ಕಾರಣ ರಾಜ್ಯ ಅದಕ್ಕೆ ಬೇಟೆಯ ಕಾಲ ಗೊತ್ತುಮಾಡಿಲ್ಲ. ಪರವಾನಗಿ ಮತ್ತು ಜಮೀನಿನ ಒಡೆಯರ ಒಪ್ಪಿಗೆ ಬೇಕು. ಗಂಡು ಇನ್ನೂರು ಕಿಲೋ ಮೀರುತ್ತದೆ. ಕತ್ತು, ಹೆಗಲುಗಳ ಚರ್ಮ ಬಲು ದಪ್ಪ. ಗುಂಡು ಬಿದ್ದ ಮೇಲೂ ಓಡುತ್ತದೆ, ರಕ್ತದ ಜಾಡು ಅಷ್ಟಾಗಿ ಸಿಗುವುದಿಲ್ಲ. ಸಣ್ಣ ರೈಫಲ್ ಹಿಡಿದು ಬಂದು ಗಾಯಗೊಳಿಸಿ ಕಳೆದುಕೊಳ್ಳುವವರ ಬಗ್ಗೆ ಅಲ್ಲಿನ ಗೈಡ್‌ಗಳಿಗೆ ಸಿಟ್ಟಿದೆ. ಆ ಸಿಟ್ಟು ನನಗೂ ಇದೆ. ಪ್ರಾಣಿಯನ್ನು ಕೊಲ್ಲುವುದಾದರೆ ನರಳಿಸದೆ ಕೊಲ್ಲುವುದು ಕೋವಿ ಹಿಡಿದವನ ಹೊಣೆ.

ಮೆಸ್ಕೀಟ್ ಪೊದೆಗಳ ಅಂಚಿನಲ್ಲಿ ನಿಂತಿದ್ದ ಗಂಡೊಂದು ನೂರು ಗಜದ ಆಚೆ ಅಡ್ಡಕ್ಕೆ ತಿರುಗಿದಾಗ ಗೈಡ್ ಕೋಲು ನಿಲ್ಲಿಸಿದರು. ಹೆಗಲ ಮೇಲೆಯೇ, ಎದೆಯ ಕೆಳ ಮೂರನೇ ಒಂದು ಭಾಗಕ್ಕೆ ಗುರಿ ಹಿಡಿದೆ. 300 ಗ್ರೇನಿನ ನೋಸ್ಲರ್ ಪಾರ್ಟಿಶನ್ ಗುಂಡು. ಒದೆ ನನ್ನ ಅರಿವಿಗೇ ಬರಲಿಲ್ಲ. ಕೈ ತಾನಾಗಿ ಬೋಲ್ಟನ್ನು ಹಿಂದೆ ಮುಂದೆ ಆಡಿಸಿತು, ಎರಡನೆಯ ತೋಟಾ ಒಳಗಿತ್ತು. ಪ್ರಾಣಿ ನಾಲ್ಕು ಹೆಜ್ಜೆ ಓಡಿ ಮುಗ್ಗರಿಸುವಾಗ ಅದನ್ನೂ ಹಾರಿಸಿದೆ. ಬಿದ್ದ ಮೇಲೆ ನೋಡಿದರೆ ಮೊದಲನೆಯದೇ ಎರಡೂ ಹೆಗಲು ಮುರಿದು ಆಚೆ ಹೋಗಿತ್ತು. ಮಾಂಸಕ್ಕೆ ಕೊಬ್ಬಿನ ಸೋಂಕಿಲ್ಲ. ಕಾಳುಮೆಣಸು ಹಾಕಿ ನಿಧಾನವಾಗಿ ಬೇಯಿಸಿ ನಾಲ್ಕು ಮನೆಗೆ ಹಂಚಿದೆವು.

ಈಚೆಗೆ .416 ರಿಗ್ಬಿ ತೋಟಾದ ಸಿಝಡ್ 550 ರೈಫಲ್ ಒಂದು ಮನೆಗೆ ಬಂದಿದೆ. 1911ರ ತೋಟಾ, 400 ಗ್ರೇನಿನ ಗುಂಡು, ಒದೆ .375ಕ್ಕಿಂತ ಅರ್ಧದಷ್ಟು ಹೆಚ್ಚು. ಅದರ ಬಟ್ಟಿನ ಅಳತೆ ತೆಗೆಸಿಯಾಗಿದೆ. ಸೀಸ ಎರಕ ಹೊಯ್ದ ಗುಂಡು, ಇಳಿಸಿದ ಮದ್ದು, ಐವತ್ತು ಗಜ, ಸ್ಕೋಪಿಲ್ಲದೆ ಬರೀ ನಳಿಗೆಯ ಮೇಲಿನ ಗುರಿಕಣ್ಣು: ಈ ಚಳಿಗಾಲದ ಅಭ್ಯಾಸ ಅಲ್ಲಿಂದ ಶುರು.