ಎಫ್‌ಐ ಲೈಟ್ ಜೊತೆಗೆ ಸೈಲೆನ್ಸರ್‌ನಲ್ಲಿ ಪಟಪಟ ಬರ್ತಿದ್ರೆ

ಬೈಕ್ ಮೀಟರಿನಲ್ಲಿ ಎಫ್‌ಐ ಲೈಟ್ (ಫ್ಯೂಯೆಲ್ ಇಂಜೆಕ್ಷನ್ ವ್ಯವಸ್ಥೆಯ ಎಚ್ಚರಿಕೆ ದೀಪ) ಬಂತು ಅಂತ ಸೀದಾ ಇಂಜೆಕ್ಟರ್ (ಇಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಭಾಗ) ಬಿಚ್ಚಬೇಡಿ. ಕೀ ಆನ್ ಮಾಡಿದಾಗ ಅದು ಸ್ವಲ್ಪ ಹೊತ್ತು ಉರಿಯುವುದು ಮಾಮೂಲು, ಇಂಜಿನ್ ಸ್ಟಾರ್ಟ್ ಆದ ಮೇಲೂ ಆರದಿದ್ದರೆ ಮಾತ್ರ ತೊಂದರೆ. ಎಷ್ಟೋ ಬೈಕ್‌ಗಳಲ್ಲಿ ಅದು ಉದ್ದ, ಗಿಡ್ಡ ಮಿಣುಕಿನಲ್ಲಿ ಕೋಡ್ ತೋರಿಸುತ್ತದೆ. ಫೋನಲ್ಲಿ ವಿಡಿಯೋ ಮಾಡಿ ಎಣಿಸಿ, ಸರ್ವಿಸ್ ಮ್ಯಾನ್ಯುಯಲ್ ಜೊತೆ ಹೋಲಿಸಿ.

ಆಮೇಲೆ ಬ್ಯಾಟರಿ. ನಿಂತಾಗ ಸುಮಾರು 12.6 ವೋಲ್ಟ್, ಇಂಜಿನ್ ಓಡುವಾಗ 13.5ರಿಂದ 14.5 ಇರಬೇಕು. ಕಮ್ಮಿ ಇದ್ದರೆ ಸೆನ್ಸರ್‌ಗಳು ಏನೇನೋ ಹೇಳುತ್ತವೆ.

ನನ್ನ ಬೈಕಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗಷ್ಟೇ ಸದ್ದು ಬರ್ತಿತ್ತು. ಸುಮ್ನೆ ಪ್ಲಗ್ ಬದಲಿಸಿ ದುಡ್ಡು ದಂಡ ಮಾಡಿಕೊಂಡೆ! ಕೊನೆಗೆ ನೋಡಿದರೆ ಇಂಜಿನ್‌ಗೆ ಸೈಲೆನ್ಸರ್ ಪೈಪ್ ಸೇರುವ ಕಡೆ ಗ್ಯಾಸ್ಕೆಟ್ (ಸಂದಿ ಮುಚ್ಚುವ ಬಿಲ್ಲೆ) ಹೋಗಿ, ಅಲ್ಲಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಂಡು, ಉಳಿದ ಪೆಟ್ರೋಲ್ ಬಿಸಿ ಪೈಪಲ್ಲೇ ಹೊತ್ತಿಕೊಳ್ಳುತ್ತಿತ್ತು. ಸೈಲೆನ್ಸರ್ ಪೈಪಿನ ಹೊಗೆಯಲ್ಲಿ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್‌ಗೂ ಅದೇ ಗಾಳಿ ತಾಗಿ ಪೆಟ್ರೋಲ್ ಸಾಲುತ್ತಿಲ್ಲ ಅಂತ ತಪ್ಪು ಲೆಕ್ಕ ಕೊಡುತ್ತೆ, ಲೈಟೂ ಬರುತ್ತೆ. ಜಾಯಿಂಟ್ ಸುತ್ತ ಕಪ್ಪು ಮಸಿ ಇದೆಯಾ ನೋಡಿ, ಪೈಪ್ ತಣ್ಣಗಿರುವಾಗ. ಥ್ರಾಟಲ್ ಬಾಡಿ (ಇಂಜಿನ್‌ಗೆ ಗಾಳಿ ಬಿಡುವ ಭಾಗ) ಹತ್ತಿರದ ರಬ್ಬರ್ ಸೀಳಿದ್ದರೂ ಇದೇ ಕಥೆ.

ಲೈಟ್ ಮಿಣುಕುತ್ತಾ ಇಂಜಿನ್ ಎಳೆಯದೇ ಇದ್ದರೆ ಓಡಿಸಬೇಡಿ, ಉರಿಯದೆ ಉಳಿದ ಪೆಟ್ರೋಲ್‌ನಿಂದ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಭಾಗ) ಹೋದರೆ ಖರ್ಚು ಜಾಸ್ತಿ.